ಮನೆಗೆ ಸ್ಪೀಕರ್ ಕೊಳ್ಳುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಗೀತ ಕೇಳುವುದಕ್ಕೆಂದೇ ಮನೆಗೆ ಒಳ್ಳೆಯ ಸ್ಪೀಕರ್ ತರಬೇಕು ಎನ್ನುವವರಿಗಾಗಿ ಈ ಪುಟ. ಶಾಸ್ತ್ರೀಯ ಗಾಯನ, ವೀಣೆ, ಭಾವಗೀತೆ, ಹಳೆಯ ಚಿತ್ರಗೀತೆ, ಯಕ್ಷಗಾನ: ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕೇಳುವುದು ಇವನ್ನೇ. ವೀಣೆಯೊಂದನ್ನು ಬಿಟ್ಟರೆ ಇವೆಲ್ಲದರಲ್ಲೂ ಮನುಷ್ಯನ ಕಂಠವೇ ಮುಂದಾಳು. ಕಂಠವನ್ನು ಸರಿಯಾಗಿ ನುಡಿಸಲಾರದ ಸ್ಪೀಕರ್ ಬೇರೆ ಏನು ಮಾಡಿದರೂ ನನಗೆ ಬೇಡ. ಕೆಳಗಿನ ಉತ್ತರಗಳೆಲ್ಲ ಈ ನಂಬಿಕೆಯಿಂದಲೇ ಬಂದವು.

ಎಲ್ಲಿಂದ ಶುರು ಮಾಡಬೇಕು?

ಅಂಗಡಿಗೆ ಹೋಗುವ ಮೊದಲು ಟೇಪು ಹಿಡಿದು ಕೋಣೆಯ ಉದ್ದ, ಅಗಲ, ಎತ್ತರ ಅಳೆದು ಬರೆದುಕೊಳ್ಳಿ. ಕಿವಿಗೆ ಬೀಳುವ ಮಂದ್ರದ ಸದ್ದನ್ನು ಸ್ಪೀಕರಿನಷ್ಟೇ ಕೋಣೆಯೂ ನಿರ್ಧರಿಸುತ್ತದೆ. ಎದುರುಬದುರಾದ ಎರಡು ಗೋಡೆಗಳ ನಡುವೆ ಸದ್ದಿನ ಅಲೆ ಸಿಕ್ಕಿಕೊಂಡು ಒಂದು ನಿರ್ದಿಷ್ಟ ಸ್ವರ ಉಬ್ಬುತ್ತದೆ. ಆ ಸ್ವರ ಯಾವುದೆಂದು ನೀವೇ ಲೆಕ್ಕ ಹಾಕಬಹುದು: ಸದ್ದಿನ ವೇಗ ಸೆಕೆಂಡಿಗೆ ಸುಮಾರು 345 ಮೀಟರ್, ಅದನ್ನು ಗೋಡೆಗಳ ನಡುವಿನ ಅಂತರದ (ಮೀಟರಿನಲ್ಲಿ) ಎರಡರಷ್ಟರಿಂದ ಭಾಗಿಸಿ. ಹತ್ತು ಅಡಿಗೆ ಸುಮಾರು 57 ಹರ್ಟ್ಜ್ (ಅಂದರೆ ಸೆಕೆಂಡಿಗೆ ಅಷ್ಟು ಕಂಪನ), ಹನ್ನೆರಡು ಅಡಿಗೆ 47, ಹದಿನೈದಕ್ಕೆ 38.

ನಮ್ಮಲ್ಲಿ ಹತ್ತಕ್ಕೆ ಹತ್ತು ಅಡಿಯ ಕೋಣೆ, ಮೇಲೆ ಹತ್ತು ಅಡಿ ಎತ್ತರಕ್ಕೆ ಸ್ಲ್ಯಾಬು ಇರುವ ಮನೆಗಳಿಗೆ ಲೆಕ್ಕವಿಲ್ಲ. ಅಂತಹ ಕೋಣೆಯಲ್ಲಿ ಮೂರು ದಿಕ್ಕಿನಲ್ಲೂ ಅದೇ 57 ಹರ್ಟ್ಜ್ ಒಂದರ ಮೇಲೊಂದು ಬಂದು ಕೂರುತ್ತದೆ. ಎಷ್ಟೇ ದುಬಾರಿಯ ಸ್ಪೀಕರ್ ತಂದರೂ ಒಂದೇ ಸ್ವರ ಗುಂಯ್ಗುಡುತ್ತಿರುತ್ತದೆ. ಉದ್ದ ಮತ್ತು ಅಗಲ ಬೇರೆ ಬೇರೆಯಾಗಿರುವ ಇನ್ನೊಂದು ಕೋಣೆ ಮನೆಯಲ್ಲಿದ್ದರೆ ಸ್ಪೀಕರನ್ನು ಅಲ್ಲಿಡಿ. ಹಂಚಿನ ಮನೆಯವರು ಪುಣ್ಯವಂತರು. ಇಳಿಜಾರು ಮಾಡು ನೆಲಕ್ಕೆ ಸಮಾನಾಂತರವಾಗಿ ಇರುವುದಿಲ್ಲವಾದ್ದರಿಂದ ಈ ಕಾಟ ಅವರಿಗೆ ಕಡಿಮೆ.

ಇನ್ನೊಂದು ವಿಷಯ. ಅಮೆರಿಕದ ಮನೆಗಳ ಒಳಗೋಡೆ ಸಾಮಾನ್ಯವಾಗಿ ಮರದ ಚೌಕಟ್ಟಿಗೆ ಹೊಡೆದ ಜಿಪ್ಸಮ್ ಹಲಗೆ. ಅದು ಅಲುಗಾಡಿ ಮಂದ್ರವನ್ನು ಒಂದಷ್ಟು ಹೀರುತ್ತದೆ. ನಮ್ಮದು ಇಟ್ಟಿಗೆ, ಕಾಂಕ್ರೀಟು. ಬಂದ ಸದ್ದನ್ನೆಲ್ಲ ಹಾಗೆಯೇ ಹಿಂದಿರುಗಿಸುತ್ತದೆ. ಅಲ್ಲಿನ ವಿಮರ್ಶಕರು ‘ಬಾಸ್ ಸ್ವಲ್ಪ ಕಡಿಮೆ’ ಎಂದು ಬರೆದ ಸ್ಪೀಕರ್ ಇಲ್ಲಿ ತಕ್ಕಷ್ಟೇ ಆಗಿ ಕೇಳಿಸುವುದು ಇದೇ ಕಾರಣಕ್ಕೆ.

ಎರಡು ಸ್ಪೀಕರ್ ಸಾಕೇ? 5.1 ಹೋಮ್ ಥಿಯೇಟರ್ ತೆಗೆದುಕೊಂಡರೆ ಹಾಡಿಗೂ ಆಗುತ್ತದೆ, ಸಿನಿಮಾಕ್ಕೂ ಆಗುತ್ತದಲ್ಲವೇ?

ಸಂಗೀತಕ್ಕೆ ಎರಡು ಸಾಕು. ಬ್ರಿಟನ್ನಿನ ಎಂಜಿನಿಯರ್ ಆಲನ್ ಬ್ಲೂಮ್‌ಲೈನ್ 1931ರಲ್ಲಿ ಸ್ಟೀರಿಯೋಗೆ ಪೇಟೆಂಟ್ ಅರ್ಜಿ ಹಾಕಿದರು. ಇಂದಿಗೂ ಬಹುಪಾಲು ಸಂಗೀತ ಮುದ್ರಣವಾಗುವುದು ಎಡ ಮತ್ತು ಬಲ ಎಂಬ ಎರಡೇ ವಾಹಿನಿಗಳಿಗೆ. ನಲವತ್ತು ಸಾವಿರ ರೂಪಾಯಿಯನ್ನು ಐದು ಪೆಟ್ಟಿಗೆ, ಮಂದ್ರಕ್ಕೆಂದೇ ಇರುವ ಒಂದು ಸಬ್‌ವೂಫರ್, ಇವೆಲ್ಲವನ್ನೂ ನಡೆಸುವ ಒಂದು ರಿಸೀವರ್ ನಡುವೆ ಹಂಚಿದರೆ ಯಾವುದಕ್ಕೂ ಒಳ್ಳೆಯ ಬಿಡಿಭಾಗ ಬರುವುದಿಲ್ಲ. ಅದೇ ಹಣವನ್ನು ಎರಡು ಪೆಟ್ಟಿಗೆಗೆ ಹಾಕಿದರೆ ಸಿನಿಮಾದ ಮಾತೂ ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತದೆ.

ಸೌಂಡ್‌ಬಾರ್?

ಟಿವಿಯ ಮಾತು ಸ್ಪಷ್ಟವಾಗಿ ಕೇಳಿಸಲೆಂದು ಮಾಡಿದ ವಸ್ತು ಅದು. ಎಡ, ಬಲ ಎರಡೂ ಒಂದೇ ಪಟ್ಟಿಯೊಳಗೆ ಅಕ್ಕಪಕ್ಕದಲ್ಲಿರುವುದರಿಂದ ಗಾಯಕರು ನಡುವೆ, ಪಿಟೀಲು ಒಂದು ಬದಿ, ಮೃದಂಗ ಇನ್ನೊಂದು ಬದಿ ಕುಳಿತ ವೇದಿಕೆಯ ಚಿತ್ರ ಮೂಡುವುದಿಲ್ಲ. ಸಂಗೀತಕ್ಕೆಂದು ಕೊಳ್ಳುವುದಾದರೆ ಬೇಡ.

ಎಷ್ಟು ವಾಟ್ ಬೇಕು?

ನೀವು ಅಂದುಕೊಂಡಿರುವುದಕ್ಕಿಂತ ಬಹಳ ಕಡಿಮೆ. ಮೊದಲು ಪೆಟ್ಟಿಗೆಯ ಮೇಲೆ ‘ಪಿಎಂಪಿಒ’ ಎಂದು ಬರೆದಿರುವ ಸಾವಿರಗಟ್ಟಲೆ ವಾಟ್‌ಗಳನ್ನು ಮರೆತುಬಿಡಿ, ಅದಕ್ಕೆ ಯಾವ ಪ್ರಮಾಣಿತ ಅಳತೆಯೂ ಇಲ್ಲ. ಸತತವಾಗಿ ಕೊಡಬಲ್ಲ ವಾಟನ್ನು ತಿಳಿಸುವ ಆರ್‌ಎಂಎಸ್ ಎಂಬ ಅಂಕಿಯನ್ನು ಮಾತ್ರ ನೋಡಿ.

ಅದಕ್ಕಿಂತ ಮುಖ್ಯವಾದದ್ದು ಸ್ಪೀಕರಿನ ಸೆನ್ಸಿಟಿವಿಟಿ. 87 ಡೆಸಿಬಲ್ ಎಂದಿದ್ದರೆ ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಬರುತ್ತದೆ ಎಂದರ್ಥ. ಮೂರು ಡೆಸಿಬಲ್ ಹೆಚ್ಚಿಸಬೇಕಾದರೆ ವಾಟ್ ಇಮ್ಮಡಿಯಾಗಬೇಕು. ಸದ್ದು ಎರಡರಷ್ಟಾಯಿತು ಎಂದು ಕಿವಿಗೆ ಅನ್ನಿಸಬೇಕಾದರೆ ಸುಮಾರು ಹತ್ತು ಡೆಸಿಬಲ್ ಏರಬೇಕು, ಅಂದರೆ ಹತ್ತು ಪಟ್ಟು ವಾಟ್. ಆದ್ದರಿಂದ 50 ವಾಟಿನ ಆಂಪ್ಲಿಫೈಯರ್‌ಗೂ 60 ವಾಟಿನದಕ್ಕೂ ಇರುವ ವ್ಯತ್ಯಾಸ ಕಿವಿಗೆ ತಿಳಿಯುವುದೇ ಕಷ್ಟ. 84 ಡೆಸಿಬಲ್‌ನ ಸ್ಪೀಕರ್ ಮತ್ತು 90ರದ್ದರ ನಡುವೆಯಾದರೋ ನಾಲ್ಕು ಪಟ್ಟು ವಾಟಿನ ಅಂತರವಿದೆ.

ಸಾಮಾನ್ಯ ಕೋಣೆಯಲ್ಲಿ ಎರಡೂವರೆ ಮೀಟರ್ ದೂರ ಕುಳಿತು ಕೇಳುವಾಗ ಆಲಾಪನೆಗೆ ಒಂದು ವಾಟೂ ಖರ್ಚಾಗುವುದಿಲ್ಲ. ಚಂಡೆಯ ಏಟು ಬಿದ್ದ ಕ್ಷಣದಲ್ಲಿ ಮಾತ್ರ ಹತ್ತಿಪ್ಪತ್ತು ವಾಟ್ ಬೇಕಾಗುತ್ತದೆ. ನಿಜವಾದ 40ರಿಂದ 50 ವಾಟ್ ಧಾರಾಳ. ತೀರಾ ಸಣ್ಣ ಆಂಪ್ಲಿಫೈಯರನ್ನು ಕೊನೆಯವರೆಗೆ ತಿರುಗಿಸಿ ನುಡಿಸಿದರೆ ಸದ್ದು ಒಡೆದು ಟ್ವೀಟರ್ (ಮೇಲಿನ ಸ್ವರಗಳನ್ನು ನುಡಿಸುವ ಸಣ್ಣ ಭಾಗ) ಸುಟ್ಟುಹೋಗುವ ಅಪಾಯವಿದೆ, ಅದನ್ನು ಮಾತ್ರ ಮಾಡಬೇಡಿ.

ಬುಕ್‌ಶೆಲ್ಫ್ ಮಾದರಿಯೋ, ನೆಲದ ಮೇಲೆ ನಿಲ್ಲುವ ಟವರ್ ಮಾದರಿಯೋ?

ನೂರೈವತ್ತು ಚದರ ಅಡಿಯೊಳಗಿನ ಕೋಣೆಗೆ ಬುಕ್‌ಶೆಲ್ಫ್. ದೊಡ್ಡ ಹಜಾರವಿದ್ದು ಸ್ಪೀಕರುಗಳನ್ನು ಗೋಡೆಯಿಂದ ಎರಡು ಮೂರು ಅಡಿ ಮುಂದಕ್ಕೆ ಇಡುವ ಅನುಕೂಲವಿದ್ದರೆ ಟವರ್. ಒಂದೇ ಬೆಲೆಗೆ ಸಿಗುವ ಎರಡರಲ್ಲಿ ಬುಕ್‌ಶೆಲ್ಫ್‌ನ ಒಳಭಾಗಗಳು ಹೆಚ್ಚಾಗಿ ಉತ್ತಮವಾಗಿರುತ್ತವೆ, ಏಕೆಂದರೆ ಟವರಿನಲ್ಲಿ ಮರದ ಪೆಟ್ಟಿಗೆಗೇ ಹಣ ಹೋಗಿರುತ್ತದೆ.

ಸಣ್ಣ ಪೆಟ್ಟಿಗೆಯ ಬಗ್ಗೆ ತಾತ್ಸಾರ ಬೇಡ. ಬಿಬಿಸಿ 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನುಗಳಿಗಾಗಿ ರೂಪಿಸಿದ ಎಲ್‌ಎಸ್3/5ಎ ಎಂಬ ಸ್ಪೀಕರ್ ಒಂದು ಅಡಿ ಎತ್ತರವಷ್ಟೇ ಇದೆ, ಕೆಳಗಿನ ಸ್ವರಗಳನ್ನು ನುಡಿಸುವ ವೂಫರ್ ಸುಮಾರು ಐದು ಇಂಚಿನದು. ಮಾತು ಮಾತಿನಂತೆ ಕೇಳಿಸಬೇಕೆಂಬುದೇ ಅದರ ಗುರಿಯಾಗಿತ್ತು. ಅರ್ಧ ಶತಮಾನ ಕಳೆದ ಮೇಲೂ ಕಂಠಸಂಗೀತ ಪ್ರಿಯರು ಅದನ್ನು ಹುಡುಕಿಕೊಂಡು ಹೋಗುತ್ತಾರೆ.

ಆಂಪ್ಲಿಫೈಯರ್ ಒಳಗೇ ಇರುವ ಆಕ್ಟಿವ್ ಸ್ಪೀಕರ್ ಒಳ್ಳೆಯದೋ, ಬೇರೆ ಆಂಪ್ಲಿಫೈಯರ್ ಬೇಕಾಗುವ ಪ್ಯಾಸಿವ್ ಒಳ್ಳೆಯದೋ?

ಕಡಿಮೆ ಹಣಕ್ಕೆ ಹೆಚ್ಚು ಗುಣಮಟ್ಟ ಬೇಕಾದರೆ ಆಕ್ಟಿವ್. ಸ್ಟುಡಿಯೋಗಳಲ್ಲಿ ಬಳಸುವ ಐದು ಇಂಚಿನ ಆಕ್ಟಿವ್ ಮಾನಿಟರ್ ಸ್ಪೀಕರುಗಳ ಜೋಡಿಯೊಂದು ಕಂಠವನ್ನು ತೋರಿಸುವಷ್ಟು ಪ್ರಾಮಾಣಿಕವಾಗಿ ಅದೇ ಬೆಲೆಯ ಬೇರೆ ಯಾವ ಸೆಟ್ಟೂ ತೋರಿಸುವುದಿಲ್ಲ. ಒಂದೇ ಕೊರತೆ ಎಂದರೆ ಕೆಲವು ಮಾದರಿಗಳಲ್ಲಿ ಟ್ವೀಟರಿನಿಂದ ಸಣ್ಣಗೆ ಹಿಸ್ ಎಂಬ ಸದ್ದು ಬರುತ್ತದೆ. ರಾತ್ರಿ ನಿಶ್ಶಬ್ದದಲ್ಲಿ ಹತ್ತಿರ ಕುಳಿತವರಿಗೆ ಅದು ತಿಳಿಯುತ್ತದೆ.

ಹದಿನೈದು ಇಪ್ಪತ್ತು ವರ್ಷ ಇಟ್ಟುಕೊಳ್ಳುವ ಇರಾದೆ ಇದ್ದರೆ ಪ್ಯಾಸಿವ್. ಆಂಪ್ಲಿಫೈಯರ್ ಕೆಟ್ಟರೆ ಅದೊಂದನ್ನೇ ಬದಲಾಯಿಸಬಹುದು. ಹಣ ಹಂಚುವಾಗ ಸ್ಪೀಕರಿಗೆ ಅರ್ಧಕ್ಕಿಂತ ಹೆಚ್ಚು ಇಡಿ.

ಅಂಗಡಿಯಲ್ಲಿ ಕೇಳಿ ನೋಡುವಾಗ ಏನನ್ನು ಗಮನಿಸಬೇಕು?

ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನು ಓದಿ. ಅಂಗಡಿಯವರು ಹಾಕುವ ಹಾಡಿನಿಂದ ಏನೂ ತಿಳಿಯುವುದಿಲ್ಲ. ಯಾವ ಸ್ಪೀಕರಿನಲ್ಲಾದರೂ ಚೆನ್ನಾಗಿ ಕೇಳಿಸುವಂಥದ್ದನ್ನೇ ಅವರು ಆರಿಸಿಟ್ಟಿರುತ್ತಾರೆ. ನಿಮಗೆ ಬಾಯಿಪಾಠವಾಗಿರುವ ಧ್ವನಿಮುದ್ರಣಗಳನ್ನು ನೀವೇ ಒಯ್ಯಿರಿ.

ಮೊದಲು ಬರಿಯ ಮಾತು ಕೇಳಿ. ನಿಮ್ಮ ಮನೆಯವರೊಬ್ಬರು ಓದಿದ್ದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಹೋದರೂ ಸಾಕು. ಗಂಡುದನಿ ಡಬ್ಬದೊಳಗಿಂದ ಬಂದಂತೆ ಕೇಳಿಸಿದರೆ ಪೆಟ್ಟಿಗೆಯ ಹಲಗೆಯೇ ಕಂಪಿಸುತ್ತಿದೆ ಎಂದರ್ಥ. ಸಕಾರ, ಶಕಾರ ಎರಡನ್ನೂ ಗಮನಿಸಿ. ‘ಶಾಂತಿ’, ‘ಸಂಜೆ’ ಎರಡರ ಆರಂಭವೂ ಒಂದೇ ತರಹದ ಸೀಟಿಯಾಗಿ ಕಿವಿಗೆ ಚುಚ್ಚಿದರೆ ಟ್ವೀಟರ್ ಕಳಪೆ. ಬಹುತೇಕ ಸ್ಪೀಕರುಗಳಲ್ಲಿ ವೂಫರಿನಿಂದ ಟ್ವೀಟರಿಗೆ ಸದ್ದು ದಾಟುವುದು ಎರಡರಿಂದ ಮೂರು ಸಾವಿರ ಹರ್ಟ್ಜ್ ಸುಮಾರಿಗೆ. ನಮ್ಮ ಕಿವಿ ತೀರಾ ಚುರುಕಾಗಿರುವುದೂ ಅಲ್ಲಿಂದಲೇ. ಆ ದಾಟು ಸರಿಯಿಲ್ಲದಿದ್ದರೆ ಕಂಠ ಎರಡು ತುಂಡಾಗಿ ಕೇಳಿಸುತ್ತದೆ.

ಆಮೇಲೆ ತಂಬೂರಿ. ಇದಕ್ಕಿಂತ ನಿಷ್ಠುರ ಪರೀಕ್ಷಕ ಇನ್ನೊಂದಿಲ್ಲ. ಮೀಟಿದ ತಂತಿಯಿಂದ ಜವಾರಿ ಎಂಬ ಅದರ ವಿಶಿಷ್ಟ ನಾದ ನಿಧಾನವಾಗಿ ಅರಳುತ್ತ ಒಂದೊಂದೇ ಮೇಲುಸ್ವರ ಬಿಚ್ಚಿಕೊಳ್ಳುವುದು ಸ್ಪಷ್ಟವಾಗಿ ಕೇಳಬೇಕು. ಗಂಧಾರ ತಾನಾಗಿ ಮೂಡಿಬರಬೇಕು. ಕೆಟ್ಟ ಸ್ಪೀಕರಿನಲ್ಲಿ ಅದು ಬರಿಯ ಝೇಂಕಾರದ ಮಂಜಾಗಿಬಿಡುತ್ತದೆ. ಕೆಳಗಿನ ತುದಿಯನ್ನೂ ಇಲ್ಲಿಯೇ ಪರೀಕ್ಷಿಸಬಹುದು: ಗಾಯಕರ ಶ್ರುತಿ ಬಿಳಿ ಒಂದಾದರೆ (ಹಾರ್ಮೋನಿಯಂನ ಮೊದಲ ಬಿಳಿ ಮನೆ) ತಂಬೂರಿಯ ಮಂದ್ರ ಷಡ್ಜ ಸುಮಾರು 65 ಹರ್ಟ್ಜ್. ಆ ತಂತಿಗೆ ದಪ್ಪವಿದೆಯೇ, ಇಲ್ಲವೇ ಉಳಿದ ತಂತಿಗಳ ನಡುವೆ ಕಳೆದುಹೋಗಿದೆಯೇ ನೋಡಿ.

ಮೂರನೆಯದಾಗಿ ಗಂಗೂಬಾಯಿ ಹಾನಗಲ್ ಅವರ ಕಂಠ. ಆ ತೂಕ, ಆ ಗಡಸುತನ ಹಾಗೆಯೇ ಇರಬೇಕು. ಅವರ ದನಿಯನ್ನು ತೆಳ್ಳಗೆ, ಸಿಹಿಯಾಗಿ ಮಾಡಿ ಕೊಡುವ ಸ್ಪೀಕರ್ ಎಷ್ಟೇ ಇಂಪಾಗಿದ್ದರೂ ಸುಳ್ಳು ಹೇಳುತ್ತಿದೆ. ಅವರ ನಂತರ ಮಲ್ಲಿಕಾರ್ಜುನ ಮನ್ಸೂರರನ್ನು ಹಾಕಿ. ಇಬ್ಬರ ಸ್ವಭಾವವೂ ಸಂಪೂರ್ಣ ಬೇರೆಯಾಗಿ ಕೇಳಿಸಬೇಕು.

ಕೊನೆಗೆ ಮೃದಂಗ. ಬಲಗಡೆಯ ಚಾಪು ಎಂಬ ಏಟು ಚುರುಕಾಗಿ ಬಂದು ಥಟ್ಟನೆ ನಿಲ್ಲಬೇಕು. ರವೆ ಮೆತ್ತಿದ ಎಡಗಡೆಯ ಗುಮುಕಿ ಎಂಬ ನುಡಿಕಾರದಲ್ಲಿ ಸ್ವರ ಜಾರುವುದು ತಿಳಿಯಬೇಕು. ಬರಿಯ ‘ಧಬ್’ ಎಂದರೆ ಅದು ಬಾಸ್ ಅಲ್ಲ, ಗದ್ದಲ.

ಎರಡು ಸ್ಪೀಕರುಗಳನ್ನು ಹೋಲಿಸುವಾಗ ಎರಡರ ಸದ್ದೂ ಸಮನಾಗಿರಬೇಕು. ಒಂದೆರಡು ಡೆಸಿಬಲ್ ಜೋರಾಗಿರುವುದು ಯಾವಾಗಲೂ ‘ಚೆನ್ನಾಗಿ’ ಕೇಳಿಸುತ್ತದೆ. ಮಾರಾಟಗಾರರಿಗೆ ಇದು ಗೊತ್ತು. ಮೊಬೈಲಿನ ಡೆಸಿಬಲ್ ಆ್ಯಪ್ ಇಟ್ಟು ಸರಿಹೊಂದಿಸಿಕೊಳ್ಳಿ. ಬಳಿಕ ಸದ್ದನ್ನು ತೀರಾ ತಗ್ಗಿಸಿಯೂ ಕೇಳಿ, ಮನೆಯಲ್ಲಿ ಬೆಳಗಿನ ಹೊತ್ತು ನೀವು ಕೇಳುವುದು ಹಾಗೆಯೇ. ಅರ್ಧ ಗಂಟೆ ಕುಳಿತ ಮೇಲೂ ಕಿವಿ ದಣಿಯದಿದ್ದರೆ ಬೆಲೆ ಕೇಳಿ.

ಕಿವಿಯ ತೀರ್ಪು ಆಳಿಗೊಂದಲ್ಲವೇ? ಅಳತೆಯ ಅಂಕಿಗಳನ್ನು ನಂಬಬಹುದೇ?

ಆಳಿಗೊಂದು ಎಂಬುದು ನಾವು ತಿಳಿದುಕೊಂಡಷ್ಟು ನಿಜವಲ್ಲ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ 1980ರ ದಶಕದಲ್ಲಿ ಸ್ಪೀಕರುಗಳನ್ನು ಪರದೆಯ ಹಿಂದಿಟ್ಟು ಜನರಿಗೆ ಕೇಳಿಸಿದರು. ಯಾವುದು ನುಡಿಯುತ್ತಿದೆ ಎಂದು ಕಾಣದಿದ್ದಾಗ ಹೆಚ್ಚಿನವರ ಆಯ್ಕೆ ಒಂದೇ ಕಡೆ ವಾಲಿತು: ನೇರ ಎದುರಿನಲ್ಲಿ ಎಲ್ಲ ಸ್ವರಗಳನ್ನೂ ಸಮವಾಗಿ ಕೊಡುವ, ಪಕ್ಕಕ್ಕೆ ಚೆಲ್ಲುವ ಸದ್ದೂ ಏರುಪೇರಿಲ್ಲದೆ ಇರುವ ಸ್ಪೀಕರುಗಳು. 1994ರಲ್ಲಿ ಶಾನ್ ಆಲಿವ್ ಮತ್ತು ಟೂಲ್ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ ಸ್ಪೀಕರ್ ಕಣ್ಣಿಗೆ ಬಿದ್ದೊಡನೆ ಅದೇ ಕೇಳುಗರು ಕೊಡುವ ಅಂಕಗಳು ಬದಲಾದವು. ಗಾತ್ರ, ಹೆಸರು, ಹೊಳಪು ಎಲ್ಲವೂ ಕಿವಿಯೊಳಗೆ ಹೊಕ್ಕುಬಿಡುತ್ತವೆ. ಅಂಗಡಿಯಲ್ಲಿ ಕಣ್ಣು ಮುಚ್ಚಿ ಕೇಳಲು ಸಂಕೋಚಪಡಬೇಡಿ.

ಅಂಕಿಗಳ ವಿಚಾರ: ‘50ರಿಂದ 20,000 ಹರ್ಟ್ಜ್’ ಎಂದಷ್ಟೇ ಬರೆದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಜೊತೆಗೆ ‘±3 ಡೆಸಿಬಲ್’ (ಸದ್ದು ಅದಕ್ಕಿಂತ ಹೆಚ್ಚು ಏರುಪೇರಾಗದು ಎಂಬ ಮಾತು) ಎಂದಿದ್ದರೆ ಮಾತ್ರ ಅರ್ಥವಿದೆ. ಸ್ಪೀಕರನ್ನು ಎಲ್ಲ ದಿಕ್ಕುಗಳಿಂದ ಅಳೆದು ತೋರಿಸುವ ಸಿಟಿಎ-2034 ಎಂಬ ಪ್ರಮಾಣಿತ ಮಾದರಿಯ ಗ್ರಾಫ್ ಸಿಕ್ಕಿದರೆ ನೋಡಿ. ಮೇಲಿನ ಗೆರೆ ಸಪಾಟಾಗಿ, ಕೆಳಗಿನವು ಅದರ ಜೊತೆಜೊತೆಗೆ ನುಣುಪಾಗಿ ಇಳಿಯುತ್ತಿದ್ದರೆ ಆ ಸ್ಪೀಕರನ್ನು ಕೇಳಲೇಬೇಕು.

ಯಾವ ಕಂಪನಿಯದ್ದು ತೆಗೆದುಕೊಳ್ಳಲಿ?

1932ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಶುರುವಾದ ವಾರ್ಫ್‌ಡೇಲ್, 1961ರ ಕೆಇಎಫ್, ಜರ್ಮನಿಯ ಎಲಾಕ್, ಡೆನ್ಮಾರ್ಕಿನ ಡಾಲಿ, ನಮ್ಮದೇ ಕೋಲ್ಕತ್ತಾದ ಸೋನೋಡೈನ್, ಸ್ಟುಡಿಯೋ ಮಾನಿಟರುಗಳಲ್ಲಿ ಯಮಾಹಾ ಮತ್ತು ಜೆಬಿಎಲ್: ಇವೆಲ್ಲ ಕೇಳಿ ನೋಡಬೇಕಾದ ಹೆಸರುಗಳು. ಆದರೆ ಒಂದೇ ಕಂಪನಿ ಒಳ್ಳೆಯದನ್ನೂ ಸಾಧಾರಣವಾದದ್ದನ್ನೂ ಮಾಡುತ್ತದೆ. ಮಾದರಿಯನ್ನು ನೋಡಿ ಕೊಳ್ಳಿ, ಹೆಸರನ್ನಲ್ಲ.

ನಾವು ಕೇಳುವುದು ಹಳೆಯ ಚಿತ್ರಗೀತೆಗಳನ್ನು ಮಾತ್ರ. ಅದಕ್ಕೂ ಇಷ್ಟೆಲ್ಲ ಬೇಕೇ?

ಖಂಡಿತ ಬೇಕು. ಅರುವತ್ತರ ದಶಕದ ಚಿತ್ರಗೀತೆಗಳು ಮಾನೋ, ಅಂದರೆ ಒಂದೇ ವಾಹಿನಿಯವು. ಅವುಗಳಲ್ಲಿ ತೀರಾ ಮಂದ್ರವೂ ಇಲ್ಲ, ತೀರಾ ತಾರವೂ ಇಲ್ಲ. ಇರುವುದೆಲ್ಲ ನಡುವಿನ ಸ್ಥಾಯಿಯಲ್ಲಿ, ಕಂಠ ಇರುವ ಕಡೆಯೇ. ಮೇಲನ್ನೂ ಕೆಳಗನ್ನೂ ಉಬ್ಬಿಸಿದ ಸ್ಪೀಕರುಗಳಲ್ಲಿ ಪಿ.ಬಿ. ಶ್ರೀನಿವಾಸರ ಆ ಮೆದು ದನಿ ಹಿಂದೆ ಸರಿದು, ಟೇಪಿನ ಸುಯ್‌ಗುಟ್ಟುವಿಕೆ ಮುಂದೆ ಬರುತ್ತದೆ. ನಡುಸ್ಥಾಯಿ ತುಂಬಿಕೊಂಡಿರುವ, ಟ್ವೀಟರ್ ಮೃದುವಾಗಿರುವ ಸ್ಪೀಕರ್ ಆರಿಸಿ.

ಈ ಹಾಡುಗಳಿಂದ ಇನ್ನೊಂದು ಉಪಕಾರವಿದೆ. ಮಾನೋ ಹಾಡನ್ನು ಎರಡೂ ಸ್ಪೀಕರಿನಲ್ಲಿ ನುಡಿಸಿದಾಗ ಕಂಠ ಎರಡರ ನಟ್ಟನಡುವೆ, ಗಾಳಿಯಲ್ಲಿ ಒಂದೇ ಬಿಂದುವಿನಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಜೋಡಣೆಯಲ್ಲಿ ಏನೋ ತಪ್ಪಿದೆ. ಅಂದಹಾಗೆ, ಕೃತಕ ಪ್ರತಿಧ್ವನಿ ಸೇರಿಸಿ ‘ಸ್ಟೀರಿಯೋ’ ಮಾಡಿದ ಆವೃತ್ತಿಗಳಿಂದ ದೂರವಿರಿ. ಮೂಲವೇ ಎಷ್ಟೋ ಮೇಲು.

ತಂದ ಮೇಲೆ ಎಲ್ಲಿಡಬೇಕು?

ಗೋಡೆಯ ಮೇಲ್ಭಾಗದ ಸಜ್ಜಾ ಹಲಗೆಯ ಮೇಲೆ ಬೇಡ. ಶೋಕೇಸಿನ ಗೂಡಿನೊಳಗೆ ಬೇಡ. ಕೋಣೆಯ ಮೂಲೆಯಂತೂ ಬೇಡವೇ ಬೇಡ, ಅಲ್ಲಿ ಮಂದ್ರ ವಿಪರೀತ ಉಬ್ಬುತ್ತದೆ. ಎರಡು ಸ್ಪೀಕರುಗಳು ಮತ್ತು ನಿಮ್ಮ ತಲೆ, ಈ ಮೂರೂ ಸಮಬಾಹು ತ್ರಿಕೋನದ ತುದಿಗಳಾಗಿರಲಿ. ಆರು ಅಡಿ ಅಂತರದಲ್ಲಿ ಇಟ್ಟರೆ ಆರು ಅಡಿ ದೂರದಲ್ಲಿ ಕುಳಿತುಕೊಳ್ಳಿ. ಟ್ವೀಟರ್ ಕಿವಿಯ ಎತ್ತರಕ್ಕೆ ಬರಬೇಕು. ಸೋಫಾದಲ್ಲಿ ಕೂರುವವರಿಗೆ ಅದು ಸುಮಾರು ಮೂರು ಅಡಿ. ಚಾಪೆಯ ಮೇಲೆ ಕುಳಿತು ಕೇಳುವ ರೂಢಿಯಿದ್ದರೆ ಇನ್ನೂ ಕೆಳಗೆ. ಸ್ಟ್ಯಾಂಡ್ ತಗ್ಗಿಸಲಾಗದಿದ್ದರೆ ಹಿಂಬದಿಗೆ ರಬ್ಬರ್ ತುಂಡೊಂದನ್ನು ಕೊಟ್ಟು ಮುಖ ಕೆಳಗೆ ಬಾಗುವಂತೆ ಮಾಡಿ.

ಹಿಂದಿನ ಗೋಡೆಯಿಂದ ಒಂದೂವರೆ ಅಡಿಯಿಂದ ಶುರು ಮಾಡಿ, ನಾಲ್ಕು ಬೆರಳಿನಷ್ಟು ಹಿಂದೆ ಮುಂದೆ ಸರಿಸುತ್ತ ಅದೇ ಹಾಡನ್ನು ಕೇಳಿ. ಮೃದಂಗದ ಎಡಗಡೆ ಗುಂಯ್ಗುಡುವುದು ನಿಂತು ಸ್ವರ ಬಿಡಿಸಿಕೊಂಡ ಜಾಗವೇ ಸರಿಯಾದ ಜಾಗ. ಇದಕ್ಕೆ ಒಂದು ಭಾನುವಾರ ಪೂರ್ತಿ ಹೋದರೂ ಸಾರ್ಥಕ.

ವಿಟ್ರಿಫೈಡ್ ಟೈಲ್ಸ್, ಖಾಲಿ ಗೋಡೆ. ಹಾಡು ಕಿರುಚಿದಂತೆ ಕೇಳಿಸುತ್ತದೆ. ಏನು ಮಾಡುವುದು?

ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ‘ಝರ್ರ್’ ಎಂದು ಬಾಲ ಎಳೆದುಕೊಂಡು ಸದ್ದು ಉಳಿದರೆ ಸ್ಪೀಕರ್ ಬದಲಾಯಿಸಿ ಪ್ರಯೋಜನವಿಲ್ಲ. ನೆಲಕ್ಕೆ ದಪ್ಪ ಹಾಸು ಬೇಕು. ನವಲಗುಂದದ ಜಮಖಾನ ಚೆಂದವೇ, ಆದರೆ ತೆಳು. ಅದರ ಕೆಳಗೆ ಉಣ್ಣೆಯ ಕಂಬಳಿಯೊಂದನ್ನು ಹಾಸಿ. ಕಿಟಕಿಗೆ ನೆರಿಗೆ ತುಂಬಿದ ಭಾರದ ಪರದೆ, ಒಂದು ಗೋಡೆಗೆ ಪುಸ್ತಕದ ಕಪಾಟು. ಇವು ಮೇಲಿನ ಸ್ವರಗಳನ್ನು ಪಳಗಿಸುತ್ತವೆ. ಮಂದ್ರಕ್ಕೆ ಮಾತ್ರ ದಪ್ಪ ವಸ್ತುವೇ ಬೇಕು: ಸುರುಳಿ ಸುತ್ತಿದ ಹತ್ತಿಯ ಹಾಸಿಗೆಯನ್ನು ಮೂಲೆಯಲ್ಲಿ ನಿಲ್ಲಿಸಿದರೆ ಸ್ವಲ್ಪ ಗುಣ ಕಾಣುತ್ತದೆ. ಮೊಟ್ಟೆಯ ಟ್ರೇ ಅಂಟಿಸುವುದರಿಂದ ಹೇಳಿಕೊಳ್ಳುವಂತಹ ಲಾಭವಿಲ್ಲ.

ಸಬ್‌ವೂಫರ್ ಬೇಕೇ? ಪಕ್ಕದ ಮನೆಯವರು ಏನನ್ನುತ್ತಾರೋ?

ಶಾಸ್ತ್ರೀಯ ಸಂಗೀತಕ್ಕೆ ಬೇಡ. ಇತ್ತೀಚಿನ ಚಿತ್ರಸಂಗೀತ, ಬಾಸ್ ಗಿಟಾರ್ ಇಷ್ಟವಿದ್ದರೆ ಆಗಬಹುದು. ಬಾಸ್ ಗಿಟಾರಿನ ಕೆಳತಂತಿ 41 ಹರ್ಟ್ಜ್‌ವರೆಗೆ ಇಳಿಯುತ್ತದೆ. ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನದನ್ನು ಮಾತ್ರ ಸಬ್‌ವೂಫರಿಗೆ ಬಿಟ್ಟು, ಅದು ಇದೆಯೆಂದೇ ತಿಳಿಯದಷ್ಟು ತಗ್ಗಿಸಿಡಿ. ಅಪಾರ್ಟ್‌ಮೆಂಟಿನಲ್ಲಿ ಮಂದ್ರ ಸ್ಲ್ಯಾಬಿನ ಮೂಲಕ ಕೆಳಮನೆಗೆ ಇಳಿಯುತ್ತದೆ. ಶಬ್ದಮಾಲಿನ್ಯ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45.

ಸ್ಪೀಕರಿನ ವೈರ್‌ಗೆ ಎಷ್ಟು ಖರ್ಚು ಮಾಡಬೇಕು?

ಹೆಚ್ಚೇನೂ ಬೇಡ. ಐದು ಮೀಟರಿನವರೆಗೆ 1.5 ಚದರ ಮಿಲಿಮೀಟರಿನ ಎಳೆಎಳೆಯ ತಾಮ್ರದ ವೈರ್ ಸಾಕು. ಕೆಂಪು, ಕಪ್ಪು ಎರಡೂ ಕಡೆ ಸರಿಹೊಂದಿವೆಯೇ ನೋಡಿ. ಒಂದು ಸ್ಪೀಕರಿಗೆ ತಿರುವುಮುರುವಾದರೆ ಮಂದ್ರ ಮಾಯವಾಗಿ ಕಂಠ ಚದುರಿಹೋಗುತ್ತದೆ.

ಬ್ಲೂಟೂತ್‌ನಲ್ಲಿ ಗುಣಮಟ್ಟ ಕೆಡುತ್ತದೆಯೇ?

ಸ್ವಲ್ಪ ಕೆಡುತ್ತದೆ. ಸಿ.ಡಿ.ಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಇದ್ದರೆ ಬ್ಲೂಟೂತ್‌ನ ಸಾಮಾನ್ಯ ಎಸ್‌ಬಿಸಿ ವಿಧಾನದಲ್ಲಿ ಸಾಗುವುದು ಹೆಚ್ಚೆಂದರೆ 330ರ ಆಸುಪಾಸು. ವೈಫೈ ಇಲ್ಲವೇ ವೈರ್ ಉತ್ತಮ. ಆದರೆ ಕಿವಿಗೆ ತಟ್ಟುವ ವ್ಯತ್ಯಾಸ ಹೆಚ್ಚಾಗಿ ಇರುವುದು ಮೂಲ ಮುದ್ರಣದಲ್ಲಿ. ಸವೆದ ಕ್ಯಾಸೆಟ್ಟಿನಿಂದ ಏರಿಸಿದ ಕಛೇರಿಯಲ್ಲಿ ಎಷ್ಟೋ ಸಲ ಶ್ರುತಿಯೇ ಅರ್ಧ ಸ್ವರ ಮೇಲೆ ಹೋಗಿರುತ್ತದೆ. ಅದನ್ನು ಯಾವ ಸ್ಪೀಕರೂ ಸರಿಮಾಡದು.

ಅಮೆರಿಕದಲ್ಲಿರುವ ಮಗಳು ಸ್ಪೀಕರ್ ತಂದುಕೊಡುತ್ತೇನೆ ಎನ್ನುತ್ತಾಳೆ. ಇಲ್ಲಿ ನಡೆಯುತ್ತದೆಯೇ?

ಪ್ಯಾಸಿವ್ ಆದರೆ ಯಾವ ತೊಂದರೆಯೂ ಇಲ್ಲ. ಆಕ್ಟಿವ್ ಆದರೆ ಹಿಂಬದಿಯ ಚೀಟಿ ನೋಡಿ ಹೇಳುವಂತೆ ತಿಳಿಸಿ. ‘100–240’ ಎಂದಿದ್ದರೆ ಪ್ಲಗ್ ಬದಲಾಯಿಸಿದರೆ ಸಾಕು. ‘120’ ಎಂದಷ್ಟೇ ಇದ್ದರೆ ನಮ್ಮ 230 ವೋಲ್ಟಿಗೆ ನೇರವಾಗಿ ಕೊಟ್ಟೊಡನೆ ಸುಟ್ಟುಹೋಗುತ್ತದೆ. ಕಂಪನಿಯ ವಾರಂಟಿ ಇಲ್ಲಿ ಸಿಗುವುದೇ ಎಂಬುದನ್ನೂ ಮೊದಲೇ ಕೇಳಿಕೊಳ್ಳಲಿ.

ಹಳೆಯ ಸ್ಪೀಕರ್ ಕೊಳ್ಳಬಹುದೇ? ಮಲೆನಾಡಿನ ಮಳೆಗೆ ಎಷ್ಟು ವರ್ಷ ಬಾಳುತ್ತವೆ?

ಕೊಳ್ಳಬಹುದು, ಜಾಲರಿ ತೆಗೆಸಿ ನೋಡಿ. ವೂಫರಿನ ಅಂಚಿನ ಸುತ್ತಲಿನ ಪಟ್ಟಿ ಸ್ಪಂಜಿನದ್ದಾಗಿದ್ದರೆ ಹತ್ತು ಹದಿನೈದು ವರ್ಷಕ್ಕೆ ಪುಡಿಯಾಗಲು ತೊಡಗುತ್ತದೆ; ತೇವದ ಊರುಗಳಲ್ಲಿ ಇನ್ನೂ ಬೇಗ. ಬೆರಳಿನಿಂದ ಮೆಲ್ಲಗೆ ಮುಟ್ಟಿದಾಗ ಅಂಟಿಕೊಂಡರೆ ಪಟ್ಟಿ ಬದಲಾಯಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ರಬ್ಬರ್ ಅಂಚು ಬಹಳ ಕಾಲ ಬಾಳುತ್ತದೆ. ಎರಡನ್ನೂ ಒಂದೊಂದಾಗಿ ನುಡಿಸಿ, ದನಿ ಒಂದೇ ತರಹ ಇದೆಯೇ ಕೇಳಿ.

ಮಲೆನಾಡು, ಕರಾವಳಿಯವರು ಪೆಟ್ಟಿಗೆಯನ್ನು ಗೋಡೆಗೆ ತಾಗಿಸದೆ, ನೆಲದಿಂದ ಎತ್ತರಿಸಿ ಇಡಬೇಕು. ಮರದ ಪುಡಿಯನ್ನು ಅದುಮಿ ಮಾಡಿದ ಹಲಗೆಗೆ ನೀರು ತಾಗಿದರೆ ಉಬ್ಬುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಒಂದು ಗಂಟೆಯಾದರೂ ನುಡಿಸಿ, ಆಂಪ್ಲಿಫೈಯರಿನ ಬಿಸಿಗೆ ಅದರೊಳಗಿನ ತೇವ ಆರುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮೋಡ ಕಟ್ಟಿದೊಡನೆ ಪ್ಲಗ್ ಕಿತ್ತಿಡಿ, ಇಂಟರ್ನೆಟ್ಟಿನ ತಂತಿಯನ್ನೂ. ಸ್ವಿಚ್ ಆರಿಸಿದರೆ ಸಾಲದು, ಸಿಡಿಲಿಗೆ ಆ ಸಣ್ಣ ಅಂತರ ಲೆಕ್ಕಕ್ಕಿಲ್ಲ.